ಕಾಲು ಇಂಚು, ಆರು ಮಿಲಿಮೀಟರ್

ಶನಿವಾರ ಬೆಳಗ್ಗೆ ಒಂಬತ್ತೂ ನಲವತ್ತಕ್ಕೆ ಅವಳು ಮನೆಯೊಳಗೆ ಕಾಲಿಟ್ಟಾಗ ಎರಡು ಹೆಗಲಿನಲ್ಲೂ ಚೀಲಗಳಿದ್ದವು. ಬಲಗಡೆಯದು ಕಚೇರಿಯದು. ಅದರೊಳಗೆ ಮಖಮಲ್ಲಿನ ಗುಳಿಗಳಲ್ಲಿ ಕೂತ ತೂಕದ ಬಟ್ಟುಗಳು. ಬೆರಳಿನ ಜಿಡ್ಡು ತಾಗಿದರೂ ತೂಕ ಕೆಡುತ್ತದೆಂದು ಚಿಮುಟದಲ್ಲೇ ಎತ್ತಬೇಕಾದಂಥವು. ಎಡಗಡೆಯದು ಅವಳ ಸ್ವಂತದ್ದು. ಹತ್ತು ದಿನದ ಪ್ರವಾಸದಲ್ಲಿ, ಬಸ್ಸಿನ ಕಿಟಕಿಯ ಬದಿಯಲ್ಲಿ, ವಸತಿಗೃಹಗಳ ಹಳದಿ ದೀಪದ ಕೆಳಗೆ, ಕಾರ್ಖಾನೆಗಳ ಸ್ವಾಗತ ಕೊಠಡಿಗಳಲ್ಲಿ ಕಾಯುತ್ತ ಕೈಯಲ್ಲೇ ಹೊಲಿದ ಐದು ಬಟ್ಟೆಯ ಚೌಕಗಳು ಅದರಲ್ಲಿದ್ದವು.

ಅವಳ ಉದ್ಯೋಗ ತೂಕದ ಯಂತ್ರಗಳ ತಪಾಸಣೆ. ತಿಂಗಳಲ್ಲಿ ಹನ್ನೆರಡು ದಿನ ಊರೂರು ಸುತ್ತಿ, ಔಷಧ ಕಾರ್ಖಾನೆಗಳ, ಉಗ್ರಾಣಗಳ, ಪ್ರಯೋಗಾಲಯಗಳ ತಕ್ಕಡಿಗಳು ಸರಿಯಾಗಿವೆಯೇ ಎಂದು ನೋಡಿ, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸಿ ಬರುವುದು. ಅರ್ಧ ಮಿಲಿಗ್ರಾಂ ಹೆಚ್ಚುಕಡಿಮೆಯಾದರೂ ದೊಡ್ಡ ದೊಡ್ಡ ಮ್ಯಾನೇಜರುಗಳು ಅವಳ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು. ಮನೆಯಲ್ಲಿ ಮಾತ್ರ ಊಟದ ಮೇಜಿನ ಮೇಲೆ ಎರಡು ಗಂಟೆಯ ಹಕ್ಕು ಸ್ಥಾಪಿಸುವುದಕ್ಕೂ ಅವಳಿಂದ ಇದುವರೆಗೆ ಆಗಿರಲಿಲ್ಲ.

ಆ ದಿನ ಸಂಜೆ ಐದಕ್ಕೆ ಹೊಲಿಗೆ ಕೂಟವಿತ್ತು. ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಆರು ಮಷೀನು, ಆರು ಜನ. ಮಕ್ಕಳ ಆಸ್ಪತ್ರೆಯ ಹಾಸಿಗೆಗಳಿಗೆ ಅವರು ಕೌದಿಗಳನ್ನು ಹೊಲಿದು ಕೊಡುತ್ತಿದ್ದರು. ಒಂದು ಕೌದಿಗೆ ಆರು ಸಾಲು, ಒಬ್ಬೊಬ್ಬರದು ಒಂದೊಂದು ಸಾಲು, ಸಾಲಿಗೆ ಎಂಟು ಚೌಕ. ಚೌಕಗಳನ್ನು ಮನೆಯಲ್ಲಿ ಹೊಲಿದು ತರಬೇಕು. ಜೋಡಿಸುವುದು ಎಲ್ಲರೂ ಸೇರಿ, ಅಲ್ಲಿ. ಸತತ ಮೂರು ಸಲ ಸಾಲು ತಪ್ಪಿಸಿದವರ ಜಾಗ ಕಾಯುವ ಪಟ್ಟಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆಂಬುದು ಕೂಟದ ನಿಯಮ. ಮೊದಲನೆಯ ಸಲ ಅವಳು ಪ್ರವಾಸದಲ್ಲಿದ್ದಳು. ಎರಡನೆಯ ಸಲ ಅತ್ತೆಯವರ ಕಣ್ಣಿನ ಆಪರೇಷನ್. ಇದು ಮೂರನೆಯದು. ಕಾಯುವ ಪಟ್ಟಿಯಲ್ಲಿ ಒಂಬತ್ತು ಹೆಸರುಗಳಿದ್ದವು. ಹೆಂಡತಿಯೂ ಸೊಸೆಯೂ ತಾಯಿಯೂ ತಪಾಸಕಿಯೂ ಆಗದೆ ಅವಳು ಕೂರುವ ಒಂದೇ ಒಂದು ಕುರ್ಚಿ ಲೋಕದಲ್ಲಿದ್ದರೆ ಅದು ಆ ಕೋಣೆಯ ಕಿಟಕಿಯ ಪಕ್ಕದ್ದು. ಅದನ್ನು ಕಳೆದುಕೊಳ್ಳುವುದು ಅವಳಿಂದ ಸಾಧ್ಯವಿರಲಿಲ್ಲ.

ಲೆಕ್ಕಾಚಾರವೇನೋ ಪಕ್ಕಾ ಇತ್ತು. ಹೊರಡುವ ಮೊದಲೇ ಮನೆಯ ಮಷೀನಿನಲ್ಲಿ ಮೂರು ಚೌಕ ಮುಗಿಸಿದ್ದಳು. ದಾರಿಯಲ್ಲಿ ಐದು. ಇನ್ನು ಇಸ್ತ್ರಿ ಮಾಡಿ, ದಾರದ ತುದಿಗಳನ್ನು ಕತ್ತರಿಸಿದರೆ ಮುಗಿಯಿತು. ಒಂದು ಗಂಟೆಯ ಕೆಲಸ.

"ಬಂದ್ಯಾ? ಸದ್ಯ!" ಎಂದು ಅತ್ತೆ ಅಡುಗೆಮನೆಯಿಂದಲೇ ಕೂಗಿದರು. "ಕೈಕಾಲು ತೊಳ್ಕೊಂಡು ಬಾ. ನನ್ನ ತಂಗಿ, ಅವಳ ಯಜಮಾನ್ರು ಊಟಕ್ಕೆ ಬರ್ತಿದಾರೆ, ಹನ್ನೆರಡೂವರೆಗೆ."

"ಇವತ್ತಾ? ಫೋನಲ್ಲಿ ಹೇಳ್ಲೇ ಇಲ್ವಲ್ಲ ಅತ್ತೆ."

"ಹೇಳಿದ್ರೆ ನೀನು ಇನ್ನೊಂದು ದಿನ ಅಲ್ಲೇ ಉಳ್ಕೊಳ್ತಿದ್ದೆ."

ಅವಳ ಗಂಡ ಸೋಫಾದ ಮೇಲೆ ಕೂತು, ಕೆಟ್ಟುಹೋದ ಫ್ಯಾನಿನ ರೆಗ್ಯುಲೇಟರನ್ನು ಬಿಚ್ಚಿ ಹರಡಿಕೊಂಡಿದ್ದ. ಅದರ ಸ್ಕ್ರೂಗಳು ಅವಳ ಗುಂಡುಸೂಜಿಯ ಡಬ್ಬಿಯಲ್ಲಿದ್ದವು. ಗುಂಡುಸೂಜಿಗಳು ಎಲ್ಲಿವೆಯೆಂದು ಕೇಳಿದ್ದಕ್ಕೆ ಅವನು ಬಹಳ ಯೋಚಿಸಿ, "ಭದ್ರವಾಗಿ ಇಟ್ಟಿದೀನಿ" ಎಂದ.

"ಎಲ್ಲಿ?"

"ಅದೇ ನೆನಪಾಗ್ತಿಲ್ಲ."

ಬಟ್ಟೆಗೆಂದೇ ಮೀಸಲಿಟ್ಟಿದ್ದ ಕತ್ತರಿ, ಎಂಟು ವರ್ಷದ ಮಗಳು ಪುಟ್ಟಿಯ ಕೋಣೆಯಲ್ಲಿ, ಶಾಲೆಗೆಂದು ಮಾಡಿದ ರಟ್ಟಿನ ಜ್ವಾಲಾಮುಖಿಯೊಂದರ ಪಕ್ಕದಲ್ಲಿ, ಬಾಯಿಗೆ ಗೋಂದು ಮೆತ್ತಿಕೊಂಡು ಬಿದ್ದಿತ್ತು. ಅವಳು ಅದನ್ನು ತೊಳೆದಳು, ಒರೆಸಿದಳು. ಹೇಳಲು ಹೊರಟರೆ ಐದು ಗಂಟೆಯವರೆಗೂ ಹೇಳುವಷ್ಟು ಮಾತು ಗಂಟಲಲ್ಲಿ ಸಾಲುಗಟ್ಟಿ ನಿಂತಿತ್ತು.

ಹನ್ನೊಂದರ ಹೊತ್ತಿಗೆ ಎಂಟೂ ಚೌಕಗಳಿಗೆ ಇಸ್ತ್ರಿಯಾಯಿತು. ಅವುಗಳನ್ನು ಒಂದರ ಮೇಲೊಂದು ಇಟ್ಟು, ಇಸ್ಪೀಟಿನ ಕಟ್ಟನ್ನು ಸಮ ಮಾಡುವ ಹಾಗೆ ಅಂಚನ್ನು ಮೇಜಿಗೆ ಒಮ್ಮೆ ತಟ್ಟಿದಳು. ಎದುರಿನ ಅಂಚು ಸಮವಾಗಲಿಲ್ಲ. ಇನ್ನೊಮ್ಮೆ ತಟ್ಟಿದಳು. ಮೂರು ಚೌಕಗಳು ಒಳಗೆ, ಐದು ಚೌಕಗಳು ಹೊರಗೆ. ತಗ್ಗಿದ ಮೂರು ಮನೆಯಲ್ಲಿ ಹೊಲಿದವು. ಚಾಚಿದ ಐದು ದಾರಿಯಲ್ಲಿ ಹೊಲಿದವು. ಅಳತೆಪಟ್ಟಿಯಿಟ್ಟು ನೋಡಿದಳು. ಪ್ರತಿಯೊಂದರಲ್ಲೂ ಎಂಟು ಮಿಲಿಮೀಟರಿಗೆ ಚೂರು ಕಡಿಮೆ ವ್ಯತ್ಯಾಸ. ಐದಕ್ಕೂ ಸೇರಿ ಸುಮಾರು ನಾಲ್ಕು ಸೆಂಟಿಮೀಟರ್. ಅಂಥ ಸಾಲನ್ನು ಉಳಿದ ಐದು ಸಾಲುಗಳ ಪಕ್ಕದಲ್ಲಿಟ್ಟರೆ ಕೌದಿಗೆ ಬಾಲ ಬಂದ ಹಾಗಿರುತ್ತದೆ.

ಮೊದಲು ಅವಳ ತಲೆಗೆ ಬಂದದ್ದು ಬಿಸಿನೀರು. ಹತ್ತಿಯ ಬಟ್ಟೆ ಬಿಸಿನೀರಿನಲ್ಲಿ ಕುಗ್ಗುತ್ತದೆ. ಮನೆಯಲ್ಲಿದ್ದ ಮೂರು ಚೌಕಗಳು ಹತ್ತು ದಿನ ಮೇಜಿನ ಖಾನೆಯಲ್ಲಿದ್ದವು, ಮತ್ತು ಈ ಮನೆಯಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ನೆನೆಹಾಕುವವರು ಒಬ್ಬರಿದ್ದರು.

"ಅತ್ತೆ, ಖಾನೇಲಿದ್ದ ನನ್ನ ಚೌಕಗಳನ್ನ ಒಗೆದ್ರಾ?"

"ಯಾವ ಚೌಕ?"

"ಪಟ್ಟೆ ಪಟ್ಟೆದು. ಕುಗ್ಗಿಬಿಟ್ಟಿದೆ. ಬಿಸಿನೀರಲ್ಲಿ ಹಾಕಿದೀರಾ ಅಂತ ಕೇಳ್ತಿದೀನಿ ಅಷ್ಟೇ."

ಅತ್ತೆ ಸೌಟನ್ನು ಹಿಡಿದುಕೊಂಡೇ ಬಾಗಿಲಿಗೆ ಬಂದರು. "ನಿನ್ನ ಬಟ್ಟೆ ತುಂಡು ಮುಟ್ಟೋಕೆ ನಂಗೇನು ಗ್ರಹಚಾರ ಬಂದಿದೆಯೇನಮ್ಮಾ? ಹೋದ ಸಲ ಮಸಿಬಟ್ಟೆ ಅಂತ ಒಂದನ್ನ ಎತ್ಕೊಂಡೆ. ಆಗಿನ ನಿನ್ನ ಮುಖ ಇನ್ನೂ ಕಣ್ಣ ಮುಂದಿದೆ. ಅವತ್ತಿಂದ ಆ ಖಾನೆ ಕಡೆ ತಲೆ ಹಾಕಿ ಮಲಗಿಲ್ಲ ನಾನು."

"ಹಾಗಾದ್ರೆ ತಾನಾಗೇ ಕುಗ್ಗುತ್ತಾ?"

"ಅದನ್ನ ಬಟ್ಟೇನೇ ಕೇಳು."

ಅವಳು ಚೌಕವೊಂದನ್ನು ಮಗುಚಿ ಹಾಕಿದಳು. ಕುಗ್ಗಿದ್ದರೆ ಉದ್ದಕ್ಕೂ ಅಗಲಕ್ಕೂ ಕುಗ್ಗಬೇಕು. ಉದ್ದ ಎಂಟರಲ್ಲೂ ಒಂದೇ ಇತ್ತು. ಏರುಪೇರಾಗಿದ್ದದ್ದು ಅಗಲ ಮಾತ್ರ. ಪ್ರತಿ ಚೌಕದಲ್ಲೂ ಹನ್ನೆರಡು ಕಿರಿದಾದ ಪಟ್ಟಿಗಳು, ಪಟ್ಟಿಗಳ ನಡುವೆ ಹನ್ನೊಂದು ಹೊಲಿಗೆಗಳು. ವ್ಯತ್ಯಾಸ ಹೊಲಿಗೆಗಳಲ್ಲಿದೆ. ಅವಳು ಪ್ರವಾಸದ ಚೀಲದಿಂದ ಪುಟ್ಟ ಸ್ಟೀಲ್ ಸ್ಕೇಲನ್ನೂ, ಅದಕ್ಕೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಕೊಂಡಿದ್ದ ಟಿಪ್ಪಣಿಯ ಕಾರ್ಡನ್ನೂ ಹೊರತೆಗೆದಳು. ಕಾರ್ಡಿನ ಮೂರನೆಯ ಸಾಲಿನಲ್ಲಿ, ಅವಳದೇ ದುಂಡಗಿನ ಅಕ್ಷರಗಳಲ್ಲಿ, ಅಡಿಗೆರೆ ಸಮೇತ ಹೀಗಿತ್ತು: ಅಂಚು ಕಾಲು ಇಂಚು, ಅಂದರೆ ಆರು ಮಿ.ಮೀ.

ಕಾಲು ಇಂಚೆಂದರೆ ಆರು ಮಿಲಿಮೀಟರ್ ಅಲ್ಲ. ಆರು ಬಿಂದು ಮೂರು ಐದು.

ಮನೆಯ ಮಷೀನಿನಲ್ಲಿ ಬಟ್ಟೆಯನ್ನು ಒತ್ತಿಹಿಡಿಯುವ ಪಾದ ಕರಾರುವಾಕ್ಕಾಗಿ ಕಾಲು ಇಂಚಿನದು. ಅದು ತನ್ನ ಪಾಡಿಗೆ ಸರಿಯಾದ ಅಂಚು ಬಿಟ್ಟು ಹೊಲಿದಿತ್ತು. ದಾರಿಯಲ್ಲಿ ಅವಳು ಈ ಸ್ಕೇಲಿಟ್ಟು, ಆರು ಮಿಲಿಮೀಟರಿಗೆ ಪೆನ್ಸಿಲ್ ಗೆರೆ ಎಳೆದು, ಗೆರೆಯ ಮೇಲೆ ಹೊಲಿದಿದ್ದಳು. ಹೊಲಿಗೆಯಾಚೆ ಬಿಡುವ ಅಂಚು ಕಿರಿದಾದಷ್ಟೂ ಚೌಕ ಅಗಲವಾಗುತ್ತದೆ. ಒಂದು ಹೊಲಿಗೆಗೆ ಎರಡು ಅಂಚು: ಸೊನ್ನೆ ಬಿಂದು ಏಳು ಮಿಲಿಮೀಟರ್. ಹನ್ನೊಂದು ಹೊಲಿಗೆಗೆ ಏಳು ಬಿಂದು ಏಳು. ಸ್ಕೇಲು ಸುಳ್ಳು ಹೇಳಿರಲಿಲ್ಲ, ಬಟ್ಟೆ ಕುಗ್ಗಿರಲಿಲ್ಲ, ಅತ್ತೆ ಒಗೆದಿರಲಿಲ್ಲ.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕಾರ್ಖಾನೆಯವನು ಯಾರಾದರೂ ತನ್ನ ಪುಸ್ತಕದಲ್ಲಿ ಆರು ಬಿಂದು ಮೂರು ಐದನ್ನು ಆರು ಎಂದು ಬರೆದಿದ್ದರೆ ಅವಳು ಅವನ ಯಂತ್ರಕ್ಕೆ ಕೆಂಪು ಚೀಟಿ ಅಂಟಿಸಿ, ಎರಡು ಪುಟದ ವರದಿ ಬರೆಯುತ್ತಿದ್ದಳು. ಕೆಲಸದಲ್ಲಿ ಒಮ್ಮೆಯೂ, ಆರು ವರ್ಷದಲ್ಲಿ ಒಮ್ಮೆಯೂ, ಅವಳು ದಶಾಂಶವೊಂದನ್ನು ಕೈಬಿಟ್ಟವಳಲ್ಲ. ಇಲ್ಲಿ ಬಿಟ್ಟಿದ್ದಳು. ಯಾಕೆಂದರೆ ಇದು ಬರೀ ಹೊಲಿಗೆ. ಈ ಮಾತನ್ನು ಹೇಳುತ್ತಾರೆಂದು ತಾನು ಯಾರ ಯಾರ ಮೇಲೆ ವರ್ಷಗಟ್ಟಲೆ ಹಲ್ಲು ಕಡಿದಿದ್ದಳೋ, ಅವರ ಸಾಲಿನ ಮೊದಲಿಗೆ ತನ್ನದೇ ಕೈಬರಹ ನಿಂತಿತ್ತು.

ಪರಿಹಾರವೇನೂ ಗೂಢವಾಗಿರಲಿಲ್ಲ. ಪ್ರತಿ ಹೊಲಿಗೆಯ ಒಳಮಗ್ಗುಲಿಗೆ, ಒಂದು ಎಳೆಯಷ್ಟು ಸರಿದು, ಮಷೀನಿನಲ್ಲಿ ಇನ್ನೊಂದು ಹೊಲಿಗೆ ಹಾಕಬೇಕು. ಹಳೆಯ ಕೈಹೊಲಿಗೆ ಅಂಚಿನೊಳಗೆ ಮರೆಯಾಗುತ್ತದೆ. ಐದು ಚೌಕ, ಐವತ್ತೈದು ಹೊಲಿಗೆ, ಪ್ರತಿಯೊಂದಕ್ಕೂ ಇಸ್ತ್ರಿ. ಬೇಕಾದದ್ದು ಮಷೀನು, ಸಮತಟ್ಟಾದ ಮೇಜು ಮತ್ತು ಯಾರೂ ಮಾತಾಡಿಸದ ನಾಲ್ಕು ಗಂಟೆ. ಮಷೀನು ಇತ್ತು.

"ಎತ್ತಮ್ಮಾ ಅದನ್ನ, ತಟ್ಟೆ ಜೋಡಿಸ್ಬೇಕು," ಎಂದರು ಅತ್ತೆ.

ಅವಳು ಹನ್ನೊಂದು ಕಿಲೋ ತೂಕದ ಮಷೀನನ್ನು ಎತ್ತಿ ಇಸ್ತ್ರಿಯ ಹಲಗೆಯ ಮೇಲಿಟ್ಟಳು. ಹಲಗೆ ಮುದಿ ಕುದುರೆಯಂತೆ ಮಂಡಿ ಮಡಿಸಿತು. ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ನಿಂತು ಹೊಲಿದರೆ ಕಾಲಿನ ಪೆಡಲ್ ಸಿಗುವುದಿಲ್ಲ, ಕೂತರೆ ಗಲ್ಲ ಮಾತ್ರ ಕಟ್ಟೆಗೆ ತಾಗುತ್ತದೆ. ಮಗಳ ಕೋಣೆಯ ಮೇಜಿನ ಮೇಲೆ ಜ್ವಾಲಾಮುಖಿ ಒಣಗುತ್ತಿತ್ತು. ನೆಲದ ಮೇಲೆ ಕೂತು ಮೊಣಕೈಯಿಂದ ಪೆಡಲ್ ಒತ್ತಿ ಮೂರು ಹೊಲಿಗೆ ಹಾಕಿದಳು. ಮೂರೂ ಹಾವಿನಂತೆ ಹೊರಳಿದವು. ಬಿಚ್ಚಿದಳು.

ಅಷ್ಟರಲ್ಲಿ ನೆಂಟರು ಬಂದರು. ಚಿಕ್ಕತ್ತೆಯ ಯಜಮಾನರು ರೈಲ್ವೆಯಲ್ಲಿ ವೇಳಾಪಟ್ಟಿ ವಿಭಾಗದಲ್ಲಿದ್ದು ನಿವೃತ್ತರಾದವರು. ಮನೆಯವರೆಲ್ಲ ಅವರನ್ನು ಕರೆಯುತ್ತಿದ್ದದ್ದು ರೈಲ್ವೆ ಮಾವ ಎಂದೇ. ಕಾಫಿಯಾಯಿತು, ದಾರಿಯ ವರ್ಣನೆಯಾಯಿತು, ಯಾವ ಸಿಗ್ನಲ್ಲಿನಲ್ಲಿ ಎಷ್ಟು ನಿಮಿಷ ನಿಂತರೆಂಬುದಾಯಿತು. ಗೋಡೆಯ ಗಡಿಯಾರದಲ್ಲಿ ಒಂದು ಗಂಟೆಯಾಗಿತ್ತು. ಮೇಜಿನ ಮೇಲೆ ಆರು ತಟ್ಟೆಗಳು ಖಾಲಿಯಾಗಿ ಹೊಳೆಯುತ್ತಿದ್ದವು.

ಅವಳು ಮೇಜಿನ ಬಳಿ ಹೋಗಿ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಪೇರಿಸತೊಡಗಿದಳು.

"ಏನೇ ಇದು?" ಎಂದ ಗಂಡ.

"ಮೇಜು ನಂಗೆ ಬೇಕು. ನೀವೆಲ್ಲ ಸೋಫಾದ ಮೇಲೆ ತಟ್ಟೆ ಕೈಲಿಟ್ಕೊಂಡು ಊಟ ಮಾಡಿ. ನಾನು ಆಮೇಲೆ ಮಾಡ್ತೀನಿ."

ಅತ್ತೆಯವರ ಮುಖ ಕೆಂಪಾಯಿತು. "ಬಂದವರ ಎದುರಿಗೆ ಮರ್ಯಾದೆ ತೆಗೀಬೇಡ ಕಣೇ. ಆ ತುಂಡು ಬಟ್ಟೆ ನಾಳೆ ಹೊಲಿದ್ರೆ ಆಸ್ಪತ್ರೆ ಬಾಗಿಲು ಹಾಕ್ಕೊಂಡ್ಬಿಡುತ್ತಾ?"

"ಆಸ್ಪತ್ರೆ ಹಾಕ್ಕೊಳ್ಳಲ್ಲ ಅತ್ತೆ. ನನ್ನ ಜಾಗ ಹೋಗುತ್ತೆ. ಐದು ಗಂಟೆಗೆ ಸಾಲು ಕೊಡದಿದ್ರೆ ಇನ್ನೊಬ್ಬರು ಬಂದು ಕೂರ್ತಾರೆ." ಮಾತು ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕಾರ್ಡು ಇನ್ನೂ ಅವಳ ಕೈಯಲ್ಲೇ ಇತ್ತು. "ಮತ್ತೆ, ನೀವು ಒಗೆದಿಲ್ಲ. ಅಳತೆ ತಪ್ಪು ಬರ್ಕೊಂಡಿದ್ದು ನಾನೇ. ಸುಮ್ನೆ ನಿಮ್ಮ ಮೇಲೆ ಹಾಕ್ದೆ."

"ಅದು ನಂಗೆ ಆಗ್ಲೇ ಗೊತ್ತಿತ್ತು," ಎಂದು ಅತ್ತೆ ಅವಳ ಕೈಯಿಂದ ತಟ್ಟೆಗಳನ್ನು ಕಿತ್ತುಕೊಂಡರು. ಮೇಜಿಗೇ ಮರಳಿ ಇಡುತ್ತಾರೆಂದು ಅವಳು ತಿಳಿದಳು. ಅವರು ಸೋಫಾದ ಕಡೆಗೆ ನಡೆದರು. ಹೋಗುತ್ತ, ಅವಳಿಗೆ ಕೇಳಿಸುವ ಹಾಗೆ, "ಮನೆ ಯಾಕೆ ಬೇಕು ಇವಳಿಗೆ, ಒಂದು ಕಾರ್ಖಾನೆ ಕಟ್ಟಿಸ್ಕೊಡೋ," ಎಂದು ಮಗನಿಗೆ ಹೇಳಿದರು.

ಒಂದೂ ಹತ್ತಕ್ಕೆ ಮೊದಲ ಹೊಲಿಗೆ ಬಿತ್ತು. ಹೊಲಿ, ಕತ್ತರಿಸು, ಮಗುಚು, ಇಸ್ತ್ರಿ ಒತ್ತು. ಹೊಲಿ, ಕತ್ತರಿಸು, ಮಗುಚು. ಸೋಫಾದ ಮೇಲೆ ಊಟ ನಡೆದಿತ್ತು. ಚಮಚ ಬಿದ್ದ ಸದ್ದು, ಚಿಕ್ಕತ್ತೆಯ "ಪರವಾಗಿಲ್ಲ ಬಿಡಕ್ಕಾ, ಹೀಗೇ ಆರಾಮಾಗಿದೆ" ಎಂಬ ಮಾತು, ಎಲ್ಲವೂ ಅವಳ ಬೆನ್ನಿಗೆ ಬಂದು ತಾಗುತ್ತಿದ್ದವು. ರೈಲ್ವೆ ಮಾವ ಮಾತ್ರ ತಟ್ಟೆ ಹಿಡಿದುಕೊಂಡು ಎದ್ದುಬಂದು ಮಷೀನಿನ ಪಕ್ಕದಲ್ಲಿ ನಿಂತರು.

"ಒಟ್ಟು ಎಷ್ಟಮ್ಮಾ?"

"ಐವತ್ತೈದು."

ಅವರು ಕೈಗಡಿಯಾರ ನೋಡಿಕೊಂಡು ಎರಡು ಹೊಲಿಗೆಯವರೆಗೆ ಸುಮ್ಮನೆ ಅಗಿದರು. "ಒಂದಕ್ಕೆ ನಾಲ್ಕು ನಿಮಿಷ. ಇನ್ನೂರ ಇಪ್ಪತ್ತು ನಿಮಿಷ. ನಾಲ್ಕೂ ಐವತ್ತಕ್ಕೆ ಮುಟ್ಟಬೇಕು. ಅಲ್ಲಿಗೆ ಎಷ್ಟು ದೂರ?"

"ಇಪ್ಪತ್ತೈದು ನಿಮಿಷ ಮಾವ."

"ಹಾಗಾದ್ರೆ ತಡ ಆಗುತ್ತೆ. ಮಧ್ಯೆ ಎಲ್ಲೂ ನಿಲ್ಸದೇ ಇದ್ರೂ ತಡವೇ."

ಮಧ್ಯದ ನಿಲುಗಡೆಗಳೇನೂ ಕಡಿಮೆಯಾಗಲಿಲ್ಲ. ಪುಟ್ಟಿ ಬಂದು ಲಾವಾ ಕೆಂಪಿರಬೇಕೋ ಕಿತ್ತಳೆಯಿರಬೇಕೋ ಎಂದು ಕೇಳಿದಳು. ಗಂಡ ಬಂದು ಮೆಲ್ಲಗೆ, "ಅಮ್ಮನ ಹತ್ರ ಒಂದು ಮಾತು ಆಡು, ತಣ್ಣಗಾಗ್ತಾರೆ" ಎಂದ.

"ಆಡಿದೆನಲ್ಲ."

"ಅದು ಮಾತಾ? ವರದಿ ಓದಿದ ಹಾಗಿತ್ತು."

"ರೀ, ನಂಗೆ ಬರೋದು ಅದೊಂದೇ. ಬಾಬಿನ್‌ಗೆ ದಾರ ಸುತ್ತಿಕೊಡ್ತೀರಾ, ಇಲ್ಲಾ ಆಚೆ ಹೋಗ್ತೀರಾ?"

ಅವನು ಕೂತು ದಾರ ಸುತ್ತಿದ. ಸಡಿಲವಾಗಿ ಸುತ್ತಿದ್ದ, ಅವಳು ಬಿಚ್ಚಿ ಇನ್ನೊಮ್ಮೆ ಸುತ್ತಿಕೊಳ್ಳಬೇಕಾಯಿತು. ಅಲ್ಲಿ ಏಳು ನಿಮಿಷ. ಗ್ಯಾಸಿನವನು ಬೆಲ್ ಮಾಡಿದ್ದಕ್ಕೆ ಯಾರೂ ಏಳಲಿಲ್ಲ, ಅಲ್ಲಿ ನಾಲ್ಕು. ನಾಲ್ಕೂವರೆಗೆ ನಲವತ್ತನಾಲ್ಕು ಹೊಲಿಗೆ ಮುಗಿದಿದ್ದವು. ನಾಲ್ಕು ಚೌಕ ಸರಿಯಾಗಿದ್ದವು, ಐದನೆಯದು ಹಾಗೇ ಇತ್ತು. ಎಂಟನ್ನೂ ಚೀಲಕ್ಕೆ ತುರುಕಿಕೊಂಡು, ಊಟವಿಲ್ಲದೆ, ಯಾರಿಗೂ ಹೇಳದೆ ಅವಳು ಮೆಟ್ಟಿಲಿಳಿದಳು.

ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಐದು ಸಾಲುಗಳು ಆಗಲೇ ಉದ್ದನೆಯ ಮೇಜಿನ ಮೇಲೆ ಹಾಸಿಕೊಂಡಿದ್ದವು. ಆರನೆಯದರ ಜಾಗದಲ್ಲಿ ಮೇಜಿನ ಬರೀ ಮರ ಕಾಣುತ್ತಿತ್ತು.

"ಸೂಟ್‌ಕೇಸ್ ಬಂತು ನೋಡ್ರಪ್ಪಾ!" ಎಂದರು ಬ್ಯಾಂಕಿನಲ್ಲಿ ಕೆಲಸ ಮಾಡುವ ಸದಸ್ಯೆ. ಅವಳಿಗೆ ಕೂಟದಲ್ಲಿದ್ದ ಅಡ್ಡಹೆಸರು ಅದು. "ಖಾಲಿನೋ ತುಂಬಿದೆಯೋ?"

ಕೂಟದ ಹಿರಿಯರು ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವರು, ಎಲ್ಲರಿಗೂ ಟೇಲರಮ್ಮ. ಅವರು ಉತ್ತರಕ್ಕೆ ಕಾಯದೆ ಚೌಕಗಳನ್ನು ತೆಗೆದುಕೊಂಡು ರಟ್ಟಿನ ಅಚ್ಚಿನ ಮೇಲೆ ಒಂದೊಂದನ್ನೇ ಇಟ್ಟು ನೋಡಿದರು. ಏಳು ಚೌಕಗಳು ಅಚ್ಚಿಗೆ ಹೇಳಿ ಮಾಡಿಸಿದಂತೆ ಕೂತವು. ಎಂಟನೆಯದು ಹೊರಗೆ ಚಾಚಿತು.

"ಇದು?"

"ಅಳತೆ ತಪ್ಪಿದೆ. ಐದು ಹೀಗೇ ಆಗಿತ್ತು, ನಾಲ್ಕು ಸರಿಮಾಡಿದೆ. ಇದಕ್ಕೆ ಸಮಯ ಸಾಕಾಗ್ಲಿಲ್ಲ."

"ಇಷ್ಟೇ ತಾನೇ?" ಟೇಲರಮ್ಮ ಕತ್ತರಿ ಎತ್ತಿಕೊಂಡರು. "ಕೊನೆ ಪಟ್ಟಿಯಿಂದ ಒಂದು ಚೂರು ಹಾರಿಸಿದ್ರಾಯ್ತು. ಜ್ವರ ಬಂದ ಮಗು ಪಟ್ಟಿ ಅಳೆಯುತ್ತಾ?"

ಒಪ್ಪಿಬಿಟ್ಟರೆ ಐದೂ ಹತ್ತಕ್ಕೆ ಎಲ್ಲವೂ ಮುಗಿಯುತ್ತಿತ್ತು. ಸಾಲು ಪೂರ್ತಿ, ಕುರ್ಚಿ ಭದ್ರ.

"ಬೇಡ," ಎಂದಳು ಅವಳು. "ಆ ಪಟ್ಟಿ ಒಂದೇ ಸಣ್ಣದಾಗಿ ಕಾಣುತ್ತೆ. ನಂಗೆ ಕಾಣುತ್ತೆ. ಹನ್ನೊಂದು ಹೊಲಿಗೆ ಇದೆ, ಇಲ್ಲೇ ಕೂತು ಹಾಕ್ತೀನಿ. ನಲವತ್ತು ನಿಮಿಷ."

"ಅಷ್ಟು ಹೊತ್ತು ನಾವೇನು ಭಜನೆ ಮಾಡೋದಾ?" ಎಂದರು ಬ್ಯಾಂಕಿನವರು.

ಟೇಲರಮ್ಮ ಕತ್ತರಿಯನ್ನು ಕೆಳಗಿಟ್ಟು ಅವಳನ್ನು ನೇರವಾಗಿ ನೋಡಿದರು. "ನಲವತ್ತು ನಿಮಿಷದ ವಿಷಯ ಅಲ್ಲ ಇದು. ನಿನ್ನ ಕೈ ಚೆನ್ನಾಗಿದೆ, ಅದು ಎಲ್ಲರಿಗೂ ಗೊತ್ತು. ಆದ್ರೆ ಪಟ್ಟಿಯಲ್ಲಿ ಒಂಬತ್ತು ಜನ ಕಾಯ್ತಿದಾರೆ. ಮುಂದಿನ ಕೌದಿಗೆ ಹದಿನೆಂಟನೇ ತಾರೀಕು. ಬರ್ತೀಯಾ, ಬರಲ್ವಾ? ಅದನ್ನ ಹೇಳಿ ಮಷೀನಿಗೆ ಕೂತ್ಕೊ. 'ನೋಡ್ಬೇಕು' ಅಂತ ಮಾತ್ರ ಅನ್ಬೇಡ. ಒಂದು ವರ್ಷದಿಂದ ನೋಡ್ತಾನೇ ಇದೀಯ."

ನಾಲಗೆಯ ತುದಿಗೆ ಬಂದಿದ್ದದ್ದು ಅದೇ ಮಾತು. ಹದಿನಾರರಿಂದ ಇಪ್ಪತ್ತರವರೆಗೆ ದೂರದ ಔಷಧ ಕಾರ್ಖಾನೆಯೊಂದರ ತಪಾಸಣೆ ನಿಗದಿಯಾಗಿತ್ತು. ಅವಳು ಫೋನು ತೆಗೆದು, ಅಲ್ಲೇ, ಐದು ಜನರ ಎದುರಿಗೇ, ಮೇಲಧಿಕಾರಿಗೆ ಕರೆ ಮಾಡಿದಳು.

"ಸರ್, ಹದಿನೆಂಟಕ್ಕೆ ನಾನು ಊರಲ್ಲೇ ಇರ್ಬೇಕು. ಔಷಧ ಕಾರ್ಖಾನೆಗೆ ಇಪ್ಪತ್ತರಿಂದ ಹೋಗ್ತೀನಿ."

"ಏನಮ್ಮಾ, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

ಹೂಂ ಎಂದುಬಿಡಬಹುದಿತ್ತು. ಮಗಳ ಜ್ವರ, ಅತ್ತೆಯ ಕಣ್ಣು, ಎರಡೂ ಹಿಂದೆ ಚೆನ್ನಾಗಿಯೇ ನಡೆದಿದ್ದ ಕಾರಣಗಳು.

"ಎಲ್ಲರೂ ಹುಷಾರಾಗಿದಾರೆ ಸರ್. ಹೊಲಿಗೆ ಇದೆ."

"ಏನಿದೆ?"

"ಹೊಲಿಗೆ. ಆಸ್ಪತ್ರೆಗೆ ಕೌದಿ ಹೊಲೀತೀವಿ. ಆವತ್ತು ನನ್ನ ಸಾಲು ಕೊಡ್ಬೇಕು."

ಆ ಕಡೆ ಯಾವುದೋ ಟೀವಿಯ ಸದ್ದು ಕೇಳಿಸಿತು. "ಇಂಥದ್ದಕ್ಕೆಲ್ಲ ತಾರೀಕು ಬದಲಾಯಿಸಿ ಅಂತ ಕೇಳ್ತಾರೇನಮ್ಮಾ?"

"ನಾನು ಕೇಳ್ತಿದೀನಿ ಸರ್."

"ಸೋಮವಾರ ಬಾ, ಮಾತಾಡೋಣ."

"ಬರ್ತೀನಿ. ಆದ್ರೆ ಹದಿನೆಂಟಕ್ಕೆ ನಾನು ಹೋಗಲ್ಲ." ಕರೆ ಕಟ್ಟಾಗಿತ್ತು, ಕೊನೆಯ ಮಾತು ಅವರಿಗೆ ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ.

"ಬರ್ತೀನಿ," ಎಂದಳು ಟೇಲರಮ್ಮನಿಗೆ.

"ಕೆಲಸಕ್ಕೆ ಸಂಚಕಾರ ತಂದ್ಕೊಂಡು ಬಂದು, ಆಮೇಲೆ ನಿಮ್ಮಿಂದ್ಲೇ ಅಂತ ನಂಗೆ ಹೇಳ್ಬೇಡ."

"ಹೇಳಲ್ಲ."

"ಹಾಗಾದ್ರೆ ಕೂತ್ಕೊ. ಏ ಬ್ಯಾಂಕು, ಇಸ್ತ್ರಿ ಬಿಸಿಗಿಡು. ಅವಳು ಹೊಲೀಲಿ, ನೀನು ಒತ್ತು. ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತೆ."

ಅವಳು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಸೂಜಿಗೆ ದಾರ ಪೋಣಿಸಿದಳು. ಮೊದಲ ಸಲ ಹೋಗಲಿಲ್ಲ, ಎರಡನೆಯ ಸಲವೂ ಹೋಗಲಿಲ್ಲ. ಸಿಟ್ಟು ಇನ್ನೂ ಬೆರಳುಗಳಲ್ಲಿತ್ತು: ಮೇಜಿನ ಮೇಲೆ, ಗುಂಡುಸೂಜಿಯ ಡಬ್ಬಿಯ ಮೇಲೆ, ಸೋಮವಾರದ ಮೇಲೆ, ಮನೆಗೆ ಹೋದರೆ ಕಾದಿರುವ ಅತ್ತೆಯವರ ಮೌನದ ಮೇಲೆ. ಹಸಿವೆಯೂ ಸೇರಿಕೊಂಡಿತ್ತು. ಮೂರನೆಯ ಸಲ ದಾರ ಹೋಯಿತು.

ನಾಲ್ಕನೆಯ ಹೊಲಿಗೆಯ ಹೊತ್ತಿಗೆ ಫೋನು ಮಷೀನಿನ ಪಕ್ಕದಲ್ಲಿ ಗುರುಗುಟ್ಟಿತು. ಗಂಡನ ಸಂದೇಶ: ಗುಂಡುಸೂಜಿ ಸಿಕ್ಕಿತು, ಸಕ್ಕರೆ ಡಬ್ಬಿ ಎಲ್ಲಿ? ಅವಳು ಅದನ್ನು ಬೋರಲು ಹಾಕಿದಳು.

"ಯಾರದು?" ಎಂದರು ಬ್ಯಾಂಕಿನವರು, ಇಸ್ತ್ರಿ ಹಿಡಿದುಕೊಂಡು.

"ಯಾರೂ ಇಲ್ಲ. ಒತ್ತಿ, ಗೆರೆ ನೇರ ಇರ್ಲಿ."

"ಏನು ಜೋರು ಮಾಡ್ತಾಳೆ ನೋಡಿ! ತಡ ಮಾಡಿದ್ದು ತಾನು, ದಬಾಯಿಸೋದು ನಮ್ಮನ್ನ."

ಅವಳು ಹಳೆಯ ಹೊಲಿಗೆಯಿಂದ ಒಂದು ಎಳೆಯಷ್ಟು ಒಳಕ್ಕೆ ಸೂಜಿಯಿಳಿಸಿ ಪೆಡಲ್ ಒತ್ತಿದಳು. ಇನ್ನು ಏಳು ಹೊಲಿಗೆ ಬಾಕಿಯಿದ್ದವು.